ಕಡಲಿನ ಕೆಸರಿನಲ್ಲಿ ಮಳೆಯ ಲೆಕ್ಕ

ಮಳೆಯನ್ನು ಅಳತೆಯ ಪಾತ್ರೆಯಲ್ಲಿ ಹಿಡಿದು ದಿನದಿನದ ಲೆಕ್ಕವನ್ನು ಬರೆದಿಡುವ ಪದ್ಧತಿಯು ಭಾರತದಲ್ಲಿ ಬಹಳ ಪುರಾತನವಾದುದಲ್ಲ. ಹವಾಮಾನ ಇಲಾಖೆಯು ಸ್ಥಾಪಿತವಾದುದು ೧೮೭೫ನೆಯ ಇಸವಿಯಲ್ಲಿ. ದೇಶಕ್ಕೆಲ್ಲ ಅನ್ವಯಿಸುವಂತೆ ನಂಬತಕ್ಕ ಮಳೆಯ ಅಂಕಿಗಳು ದೊರೆಯುವುದೂ ಸುಮಾರು ಆ ಕಾಲದಿಂದೀಚೆಗೆ ಮಾತ್ರವೇ. ಒಂದೂವರೆ ಶತಮಾನವೆಂದರೆ ಒಂದು ರೈತ ಮನೆತನದಲ್ಲಿ ಐದಾರು ತಲೆಗಳ ಅವಧಿಯಾಯಿತು. ಅದಕ್ಕೆ ಹಿಂದಿನ ಸಂಗತಿಗಳನ್ನು ತಿಳಿಯಬೇಕಾದರೆ ಶಾಸನಗಳನ್ನೂ ಜನರ ಬಾಯಿಮಾತನ್ನೂ ಆಶ್ರಯಿಸಬೇಕಾಗುತ್ತದೆ. ೧೭೯೧-೯೨ರ ಡೋಗಿ ಬರವನ್ನೂ ೧೮೭೬-೭೮ರ ಧಾತು ಈಶ್ವರ ಬರವನ್ನೂ ಜನರು ಮರೆಯದಿದ್ದರೂ, ಆ ವರ್ಷಗಳ ಮಳೆಯು ಎಷ್ಟು ಕಡಿಮೆಯಾಗಿದ್ದಿತು, ಅಂತಹ ಬರಗಳು ಎಷ್ಟು ವರ್ಷಗಳಿಗೊಮ್ಮೆ ಬರುತ್ತಿದ್ದುವು ಎಂಬುದನ್ನು ಜನರ ನೆನಪಿನಿಂದ ತಿಳಿಯಲಾಗದು.

ಇದು ಕೇವಲ ಕುತೂಹಲದ ವಿಷಯವಲ್ಲ. ಕೆರೆಯ ಕೋಡಿ ಎಷ್ಟು ಅಗಲವಿರಬೇಕು, ನಾಲೆಯ ನೀರು ಎಷ್ಟು ಎಕರೆಗೆ ಒದಗೀತು, ಒಂದು ಸೀಮೆಯಲ್ಲಿ ಜೋಳವನ್ನು ನಂಬಬಹುದೋ ಭತ್ತವನ್ನು ನಂಬಬಹುದೋ ಎಂಬ ತೀರ್ಮಾನಗಳೆಲ್ಲವೂ ಹಿಂದಿನ ಮಳೆಯ ಸರಾಸರಿಯ ಮೇಲೆ ನಿಂತಿರುವುವು. ಆ ಸರಾಸರಿಯು ಒಳ್ಳೆಯ ಮಳೆಯ ಕಾಲವೊಂದಕ್ಕೆ ಮಾತ್ರ ಸೇರಿದುದಾಗಿದ್ದರೆ ಅದನ್ನು ನಂಬಿ ಮಾಡಿದ ಕೆಲಸಗಳೆಲ್ಲವೂ ಕೆಡುವುವು. ಆದುದರಿಂದ ಮಳೆಯ ಲೆಕ್ಕವನ್ನು ನೂರೈವತ್ತು ವರ್ಷಗಳಿಂದ ಸಾವಿರಾರು ವರ್ಷಗಳಿಗೆ ಹಿಂದಕ್ಕೆ ಒಯ್ಯುವ ಯಾವ ಉಪಾಯವಾದರೂ ವ್ಯವಸಾಯಕ್ಕೆ ಸಂಬಂಧಿಸಿದುದೇ ಸರಿ. ಅಂತಹ ಉಪಾಯವೊಂದು ದೊರೆತಿರುವುದು ಹೊಲದಲ್ಲಲ್ಲ, ಸಮುದ್ರದ ತಳದ ಕೆಸರಿನಲ್ಲಿ.

ಸಮುದ್ರದಲ್ಲಿ ಫೊರಾಮಿನಿಫೆರಾ ಎಂಬ ಅತಿ ಸಣ್ಣ ಜೀವಿಗಳಿರುತ್ತವೆ. ಈ ಹೆಸರಿಗೆ ಲ್ಯಾಟಿನ್ ಭಾಷೆಯಲ್ಲಿ ರಂಧ್ರಗಳನ್ನು ಧರಿಸಿದವು ಎಂದು ಅರ್ಥವಾದುದರಿಂದ ಇವನ್ನು ರಂಧ್ರಧಾರಿಗಳೆಂದು ಕರೆಯಬಹುದು. ಇವುಗಳ ದೇಹವು ಒಂದೇ ಜೀವಕೋಶದಿಂದಾದುದು. ಹೀಗಿದ್ದರೂ ಇವುಗಳಲ್ಲಿ ಬಹುಪಾಲು ಜಾತಿಗಳು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತಮ್ಮ ಸುತ್ತಲೂ ಚಿಪ್ಪನ್ನು ಕಟ್ಟಿಕೊಳ್ಳುತ್ತವೆ. ಮೊದಲು ಒಂದು ಕೋಣೆ, ಬೆಳೆದಂತೆಲ್ಲ ಅದಕ್ಕೆ ಸೇರಿದಂತೆ ಮತ್ತೊಂದು, ಹೀಗೆ ಕೋಣೆಗಳು ಸುರುಳಿಯಾಗಿಯೋ ಸಾಲಾಗಿಯೋ ಕೂಡಿಕೊಳ್ಳುತ್ತವೆ. ಬಹಳಷ್ಟು ಚಿಪ್ಪುಗಳು ರಾಗಿಯ ಕಾಳಿಗಿಂತಲೂ ಸಣ್ಣವು. ಕೆಲವು ಜಾತಿಗಳು ಮಾತ್ರ ನಾಣ್ಯದಷ್ಟು ಅಗಲಕ್ಕೆ ಬೆಳೆಯುತ್ತಿದ್ದುವು. ಈಜಿಪ್ಟ್ ದೇಶದ ಗೀಜಾದ ಪಿರಮಿಡ್ಡುಗಳನ್ನು ಕಟ್ಟಿದ ಸುಣ್ಣಕಲ್ಲಿನಲ್ಲಿ ಇಂತಹ ನಾಣ್ಯಾಕೃತಿಯ ಚಿಪ್ಪುಗಳು ತುಂಬಿರುವುವು. ತೇಲುವ ಜಾತಿಗಳು ಸಮುದ್ರದ ಮೇಲ್ನೀರಿನಲ್ಲಿಯೂ, ಉಳಿದ ಅಸಂಖ್ಯಾತ ಜಾತಿಗಳು ತಳದ ಕೆಸರಿನಲ್ಲಿಯೂ ವಾಸಿಸುತ್ತವೆ. ಸತ್ತ ಮೇಲೆ ಎಲ್ಲದರ ಚಿಪ್ಪುಗಳೂ ತಳದಲ್ಲಿಯೇ ಸೇರುತ್ತವೆ. ೧೮೭೨ರಿಂದ ೧೮೭೬ರ ವರೆಗೆ ಸಮುದ್ರಗಳನ್ನು ಸುತ್ತಿದ ಚಾಲೆಂಜರ್ ಎಂಬ ಇಂಗ್ಲಿಷ್ ಹಡಗು ತಂದ ಕೆಸರನ್ನು ಪರೀಕ್ಷಿಸಿ, ಹೆನ್ರಿ ಬ್ರೇಡಿ ಎಂಬ ವಿದ್ವಾಂಸನು ೧೮೮೪ರಲ್ಲಿ ಈ ಜೀವಿಗಳ ಬಗೆಗೆ ಚಿತ್ರಗಳಿಂದ ಕೂಡಿದ ದೊಡ್ಡ ಗ್ರಂಥವನ್ನು ಪ್ರಕಟಿಸಿದನು. ಆಗ ಅದು ಕೇವಲ ಜಾತಿವಿವರಣೆಯ ಶಾಸ್ತ್ರವಾಗಿದ್ದಿತು.

ನಡುಸಮುದ್ರದ ತಳದಲ್ಲಿ ಕೆಸರು ಕೂಡುವುದು ಬಹಳ ನಿಧಾನ. ಸಾವಿರ ವರ್ಷಕ್ಕೆ ಕೆಲವು ಸೆಂಟಿಮೀಟರುಗಳಷ್ಟು ಮಾತ್ರ ಪದರ ಏರುತ್ತದೆ. ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಈ ಪದರಗಳು ಕದಡದಂತೆ ಕೆಸರನ್ನು ಮೇಲಕ್ಕೆ ತೆಗೆಯುವುದೇ ಕಷ್ಟದ ಕೆಲಸವಾಗಿದ್ದಿತು. ೧೯೪೭-೪೮ರಲ್ಲಿ ಸ್ವೀಡನ್ ದೇಶದ ಆಲ್ಬಟ್ರಾಸ್ ಎಂಬ ಹಡಗು ಕುಲೆನ್‌ಬರ್ಗ್ ಎಂಬಾತನು ಕಲ್ಪಿಸಿದ ಕೊಳವೆಯನ್ನು ಇಳಿಬಿಟ್ಟು ಹತ್ತು ಮೀಟರಿಗೂ ಮೀರಿದ ಕೆಸರಿನ ಕಂಬಗಳನ್ನು ತೆಗೆಯಿತು. ಕೊಳವೆಯೊಳಗಿನ ಕೊಂತವು ಪಿಚಕಾರಿಯ ಕೊಂತದಂತೆ ಕೆಸರನ್ನು ಹೀರಿ ಹಿಡಿಯುವುದರಿಂದ ಪದರಗಳು ಕಲೆಸಿಹೋಗುವುದಿಲ್ಲ. ಹೀಗೆ ತೆಗೆದ ಕಂಬವನ್ನು ಉದ್ದಕ್ಕೆ ಸೀಳಿ, ಒಂದೆರಡು ಸೆಂಟಿಮೀಟರಿಗೊಂದರಂತೆ ಚೂರುಗಳನ್ನು ಕತ್ತರಿಸಿ, ಪ್ರತಿಯೊಂದನ್ನೂ ಸಣ್ಣ ಜಾಲರಿಯ ಜರಡಿಯಲ್ಲಿ ನೀರುಬಿಟ್ಟು ತೊಳೆಯುತ್ತಾರೆ. ಜೇಡಿಯೆಲ್ಲ ಹರಿದುಹೋಗಿ ಚಿಪ್ಪುಗಳು ಬಿಳಿಯ ಮರಳಿನಂತೆ ಉಳಿಯುತ್ತವೆ. ಮಣ್ಣಿನ ಪರೀಕ್ಷೆಯಲ್ಲಿ ಮರಳು, ಗೋಡು, ಜೇಡಿಗಳನ್ನು ಬೇರ್ಪಡಿಸುವುದನ್ನು ಕಂಡವರಿಗೆ ಈ ವಿಧಾನವು ಹೊಸದಾಗಿ ತೋರದು. ಅನಂತರದ ಕೆಲಸವೇ ತಾಳ್ಮೆಯನ್ನು ಬೇಡುವಂಥದು. ಒದ್ದೆಮಾಡಿದ ಸಣ್ಣ ಕುಂಚದ ತುದಿಯಿಂದ ಒಂದೊಂದೇ ಚಿಪ್ಪನ್ನು ಸೂಕ್ಷ್ಮದರ್ಶಕ ಯಂತ್ರದ ಕೆಳಗೆ ಎತ್ತಿ, ಜಾತಿಜಾತಿಯಾಗಿ ವಿಂಗಡಿಸಿ ಎಣಿಸಬೇಕು.

ಈ ಚಿಪ್ಪುಗಳಿಂದ ಹವಾಗುಣವನ್ನು ತಿಳಿಯುವ ಮಾರ್ಗವನ್ನು ತೆರೆದವನು ಚೆಸಾರೆ ಎಮಿಲಿಯಾನಿ. ಇವನು ೧೯೨೨ರಲ್ಲಿ ಇಟಲಿಯ ಬೊಲೋನ್ಯ ನಗರದಲ್ಲಿ ಹುಟ್ಟಿ, ಅಲ್ಲಿಯೇ ಸೂಕ್ಷ್ಮ ಜೀವಾವಶೇಷಗಳನ್ನು ಅಭ್ಯಾಸಮಾಡಿ, ಬಳಿಕ ಅಮೆರಿಕದ ಚಿಕಾಗೊ ವಿಶ್ವವಿದ್ಯಾನಿಲಯವನ್ನು ಸೇರಿದನು. ಅಲ್ಲಿ ಹೆರಾಲ್ಡ್ ಯೂರಿ ಎಂಬ ರಸಾಯನ ಶಾಸ್ತ್ರಜ್ಞನು ಒಂದು ಹೊಸ ವಿಚಾರವನ್ನು ೧೯೪೭ರಲ್ಲಿ ಮುಂದಿಟ್ಟಿದ್ದನು. ಅದು ಹೀಗಿದೆ: ಆಮ್ಲಜನಕದ ಪರಮಾಣುಗಳೆಲ್ಲವೂ ಒಂದೇ ತೂಕದವಲ್ಲ. ಬಹುಪಾಲು ೧೬ರ ತೂಕದವು. ಸುಮಾರು ಐನೂರಕ್ಕೆ ಒಂದರಂತೆ ೧೮ರ ತೂಕದ ಭಾರವಾದ ಪರಮಾಣುಗಳಿರುತ್ತವೆ. ಸುಣ್ಣದ ಚಿಪ್ಪು ನೀರಿನಲ್ಲಿ ಕಟ್ಟಿಕೊಳ್ಳುವಾಗ, ನೀರು ತಣ್ಣಗಿದ್ದಷ್ಟೂ ಭಾರವಾದ ಪರಮಾಣುಗಳು ಚಿಪ್ಪಿನಲ್ಲಿ ಹೆಚ್ಚಾಗಿ ಸೇರುತ್ತವೆ. ಒಂದು ಡಿಗ್ರಿ ಸೆಂಟಿಗ್ರೇಡ್ ವ್ಯತ್ಯಾಸಕ್ಕೆ ಈ ಪ್ರಮಾಣದಲ್ಲಿ ಆಗುವ ಬದಲಾವಣೆಯು ಸಾವಿರದಲ್ಲಿ ಕಾಲುಪಾಲಿಗಿಂತಲೂ ಕಡಿಮೆ. ಅಷ್ಟನ್ನೂ ಅಳೆಯಬಲ್ಲ ತೂಕದ ಯಂತ್ರಗಳು ಆ ಪ್ರಯೋಗಶಾಲೆಯಲ್ಲಿ ಸಿದ್ಧವಾದುವು. ಜೀವಿಯು ಸತ್ತು ಸಾವಿರಾರು ವರ್ಷಗಳಾದ ಮೇಲೂ ಅದು ಬದುಕಿದ್ದ ನೀರಿನ ಗುಣವು ಅದರ ಚಿಪ್ಪಿನಲ್ಲಿ ಅಚ್ಚಾಗಿ ಉಳಿದಿರುವುದೆಂಬುದು ಇದರಿಂದ ತಿಳಿದುಬಂದಿತು.

ಎಮಿಲಿಯಾನಿಯು ಆಲ್ಬಟ್ರಾಸ್ ಹಡಗಿನ ಕೆಸರಿನ ಕಂಬಗಳನ್ನೂ ಅಮೆರಿಕದವರು ತೆಗೆದ ಕಂಬಗಳನ್ನೂ ಹಿಡಿದು, ಮೇಲ್ನೀರಿನಲ್ಲಿ ತೇಲುವ ಜಾತಿಗಳ ಚಿಪ್ಪುಗಳನ್ನು ಪದರ ಪದರವಾಗಿ ಪರೀಕ್ಷಿಸಿ, ೧೯೫೫ರಲ್ಲಿ ತನ್ನ ಫಲಿತಾಂಶಗಳನ್ನು ಪ್ರಕಟಿಸಿದನು. ಆ ವರೆಗೆ ಪಂಡಿತರು ಆಲ್ಪ್ಸ್ ಪರ್ವತದ ಕಲ್ಲುಮಣ್ಣುಗಳನ್ನು ನೋಡಿ, ಭೂಮಿಯಲ್ಲಿ ನಾಲ್ಕು ಹಿಮಯುಗಗಳು ಆಗಿಹೋದುವೆಂದು ನಂಬಿದ್ದರು. ಚಿಪ್ಪುಗಳು ಬೇರೆಯೇ ಸಾಕ್ಷ್ಯವನ್ನು ನುಡಿದುವು. ಶೀತಕಾಲವೂ ಉಷ್ಣಕಾಲವೂ ಅದಕ್ಕಿಂತ ಹೆಚ್ಚು ಸಲ, ಒಂದು ಕ್ರಮವನ್ನು ಅನುಸರಿಸಿದಂತೆ, ಬಂದುಹೋಗಿದ್ದುವು. ಎಮಿಲಿಯಾನಿಯು ಉಷ್ಣಕಾಲಗಳಿಗೆ ಬೆಸ ಸಂಖ್ಯೆಗಳನ್ನೂ ಶೀತಕಾಲಗಳಿಗೆ ಸರಿ ಸಂಖ್ಯೆಗಳನ್ನೂ ಕೊಟ್ಟನು. ಈಗಿನ ಕಾಲವು ೧ನೆಯದು. ಆ ಎಣಿಕೆಯೇ ಈ ಹೊತ್ತಿಗೂ ರೂಢಿಯಲ್ಲಿದೆ.

ಆದರೆ ಅವನ ಅರ್ಥವಿವರಣೆಯು ಹಾಗೆಯೇ ನಿಲ್ಲಲಿಲ್ಲ. ಇಂಗ್ಲೆಂಡಿನ ನಿಕೊಲಸ್ ಶ್ಯಾಕಲ್ಟನ್ ಎಂಬಾತನು ೧೯೬೭ರಲ್ಲಿ ತಳದಲ್ಲಿ ವಾಸಿಸುವ ಜಾತಿಗಳ ಚಿಪ್ಪುಗಳಲ್ಲಿಯೂ ಇದೇ ಏರಿಳಿತವನ್ನು ತೋರಿಸಿದನು. ಸಮುದ್ರದ ತಳದ ನೀರು ಈಗಲೇ ಹೆಪ್ಪುಗಟ್ಟುವಷ್ಟು ತಣ್ಣಗಿರುವುದು; ಅದು ಇನ್ನೂ ಬಹಳವಾಗಿ ತಣ್ಣಗಾಗಲಾರದು. ಹಾಗಾದರೆ ಏರಿಳಿತಕ್ಕೆ ಮುಖ್ಯ ಕಾರಣವು ಬೇರೆಯಿರಬೇಕು. ಸಮುದ್ರದ ನೀರು ಆವಿಯಾಗುವಾಗ ಹಗುರವಾದ ಪರಮಾಣುಗಳು ಮೊದಲು ಏಳುತ್ತವೆ. ಅವು ಧ್ರುವಪ್ರದೇಶಗಳಲ್ಲಿ ಹಿಮವಾಗಿ ಬಿದ್ದು ಅಲ್ಲಿಯೇ ನಿಂತುಬಿಟ್ಟರೆ ಸಮುದ್ರದಲ್ಲಿ ಭಾರವಾದವುಗಳ ಪ್ರಮಾಣವು ಹೆಚ್ಚುತ್ತದೆ. ಆದುದರಿಂದ ಚಿಪ್ಪುಗಳು ತೋರಿಸುವುದು ಬಹುಮಟ್ಟಿಗೆ ಭೂಮಿಯ ಮೇಲೆ ಆಗ ಎಷ್ಟು ಹಿಮವು ಕೂಡಿದ್ದಿತು ಎಂಬುದನ್ನು. ಸುಮಾರು ಇಪ್ಪತ್ತು ಸಾವಿರ ವರ್ಷಗಳ ಹಿಂದೆ ಆ ಹಿಮದಲ್ಲಿ ಸೇರಿಹೋದ ನೀರಿನಿಂದಾಗಿ ಸಮುದ್ರದ ಮಟ್ಟವು ಈಗಿನದಕ್ಕಿಂತ ಸುಮಾರು ೧೨೦ ಮೀಟರು ಕೆಳಗಿದ್ದಿತು. ಎಮಿಲಿಯಾನಿಯ ಅಳತೆಗಳಲ್ಲಿ ದೋಷವಿರಲಿಲ್ಲ. ಅವುಗಳ ಅರ್ಥ ಮಾತ್ರ ಬದಲಾಯಿತು. ಬಳಿಕ ೧೯೭೬ರಲ್ಲಿ ಹೇಸ್, ಇಂಬ್ರಿ, ಶ್ಯಾಕಲ್ಟನ್ ಎಂಬ ಮೂವರು ಹಿಂದೂ ಮಹಾಸಾಗರದ ದಕ್ಷಿಣ ಭಾಗದಿಂದ ತೆಗೆದ ಎರಡು ಕಂಬಗಳನ್ನು ಪರೀಕ್ಷಿಸಿ, ಹಿಮಯುಗಗಳ ಏರಿಳಿತವು ಭೂಮಿಯು ಸೂರ್ಯನನ್ನು ಸುತ್ತುವ ಪಥದಲ್ಲಿಯೂ ಅದರ ಅಕ್ಷದ ಓರೆಯಲ್ಲಿಯೂ ಆಗುವ ನಿಧಾನವಾದ ಬದಲಾವಣೆಗಳನ್ನು ಅನುಸರಿಸುವುದೆಂದು ಸ್ಥಾಪಿಸಿದರು.

ಹಿಮಯುಗದ ಮಾತು ಇಲ್ಲಿಯ ರೈತರಿಗೆ ದೂರದ್ದಾಗಿ ತೋರಬಹುದು. ಆದರೆ ಇದೇ ಚಿಪ್ಪುಗಳು ಅರಬ್ಬೀ ಸಮುದ್ರದಲ್ಲಿ ಮುಂಗಾರಿನ ಲೆಕ್ಕವನ್ನೂ ಬರೆದಿಟ್ಟಿವೆ. ಜೂನ್ ತಿಂಗಳಿನಿಂದ ನೈರುತ್ಯದ ಗಾಳಿಯು ಸೊಮಾಲಿಯಾ ಮತ್ತು ಒಮಾನ್ ದೇಶಗಳ ತೀರಗಳ ಉದ್ದಕ್ಕೂ ಬಲವಾಗಿ ಬೀಸುತ್ತದೆ. ಆಗ ತೀರದ ಮೇಲ್ನೀರು ನಡುಸಮುದ್ರದ ಕಡೆಗೆ ತಳ್ಳಲ್ಪಟ್ಟು, ಆ ಸ್ಥಳವನ್ನು ತುಂಬಲು ಆಳದಿಂದ ತಣ್ಣನೆಯ ನೀರು ಮೇಲಕ್ಕೆ ಬರುತ್ತದೆ. ಅದು ಜೀವಿಗಳಿಗೆ ಬೇಕಾದ ಸಾರಾಂಶಗಳಿಂದ ತುಂಬಿರುವುದು. ಗೊಬ್ಬರ ಹಾಕಿದ ಹೊಲದಂತೆ ಸಮುದ್ರವು ಹುಲುಸಾಗುತ್ತದೆ. ಗ್ಲೋಬಿಜೆರಿನಾ ಬುಲಾಯ್ಡಿಸ್ ಎಂಬ ರಂಧ್ರಧಾರಿಯು ಸಾಮಾನ್ಯವಾಗಿ ಶೀತದೇಶಗಳ ಸಮುದ್ರದಲ್ಲಿರತಕ್ಕದ್ದು. ಆದರೆ ಈ ಏರುನೀರಿನಲ್ಲಿ ಅದು ವಿಪುಲವಾಗಿ ಹೆಚ್ಚುತ್ತದೆ. ಹೊಲದಲ್ಲಿ ಜೊಂಡು ಎದ್ದಿದ್ದರೆ ಅಲ್ಲಿ ಜೌಗು ನಿಂತಿದೆಯೆಂದು ತಿಳಿಯುವ ಹಾಗೆ, ಕೆಸರಿನ ಒಂದು ಪದರದಲ್ಲಿ ಈ ಜಾತಿಯ ಚಿಪ್ಪುಗಳು ನೂರಕ್ಕೆ ಎಷ್ಟಿವೆ ಎಂಬುದನ್ನು ಎಣಿಸಿ ಆ ಕಾಲದ ಮುಂಗಾರು ಗಾಳಿಯ ಬಲವನ್ನು ಊಹಿಸಬಹುದು.

ಒಮಾನ್ ತೀರದಾಚೆ ೧೯೮೭ರಲ್ಲಿ ಅಂತರರಾಷ್ಟ್ರೀಯ ಸಮುದ್ರಕೊರೆತದ ಹಡಗು ತೆಗೆದ ಕೆಸರನ್ನು ಖರಗಪುರದ ತಂತ್ರಜ್ಞಾನ ಸಂಸ್ಥೆಯ ಅನಿಲ್ ಗುಪ್ತರೂ ಅಮೆರಿಕದ ಆಂಡರ್ಸನ್, ಓವರ್‌ಪೆಕ್ ಎಂಬವರೂ ಹೀಗೆ ಪರೀಕ್ಷಿಸಿ ೨೦೦೩ರಲ್ಲಿ ಫಲವನ್ನು ಪ್ರಕಟಿಸಿದರು. ಸುಮಾರು ಒಂಬತ್ತು ಸಾವಿರ ವರ್ಷಗಳ ಹಿಂದೆ ಮುಂಗಾರು ಈಗಿನದಕ್ಕಿಂತ ಬಲವಾಗಿದ್ದು, ಅನಂತರ ಒಟ್ಟಿನ ಮೇಲೆ ಕ್ಷೀಣಿಸುತ್ತ ಬಂದುದು ಕಂಡುಬಂದಿತು. ಇದಕ್ಕೆ ಕಾರಣವು ಆಕಾಶದಲ್ಲಿದೆ. ಈಗ ಭೂಮಿಯು ಸೂರ್ಯನಿಗೆ ಅತಿ ಸಮೀಪವಾಗುವುದು ಜನವರಿ ತಿಂಗಳಿನಲ್ಲಿ. ಆಗ ಅದು ಬೇಸಗೆಯ ತಿಂಗಳುಗಳಲ್ಲಿ ಸಮೀಪವಾಗುತ್ತಿದ್ದಿತು. ಉತ್ತರಾರ್ಧದ ನೆಲವು ಹೆಚ್ಚು ಕಾದು, ಕಡಲಿನ ಗಾಳಿಯನ್ನು ಹೆಚ್ಚು ಬಲವಾಗಿ ಸೆಳೆಯುತ್ತಿದ್ದಿತು. ಈ ದೀರ್ಘವಾದ ಇಳಿತದ ನಡುವೆ ಕೆಲವು ಶತಮಾನಗಳಲ್ಲಿ ಮುಂಗಾರು ವಿಶೇಷವಾಗಿ ಸೊರಗಿರುವುದೂ, ಆ ಕಾಲಗಳು ಉತ್ತರ ಅಟ್ಲಾಂಟಿಕ್ ಸಮುದ್ರವು ತಣ್ಣಗಿದ್ದ ಕಾಲಗಳಿಗೆ ಹೊಂದುವುದೂ ತಿಳಿದುಬಂದಿತು. ಇದೇ ಮೂವರು ೨೦೦೨ರಲ್ಲಿ ಪ್ರಕಟಿಸಿದ ಇನ್ನೊಂದು ಲೇಖನದಲ್ಲಿ, ಕಳೆದ ನಾನೂರು ವರ್ಷಗಳಲ್ಲಿ ಗಾಳಿಯ ಬಲವು ಮತ್ತೆ ಹೆಚ್ಚುತ್ತ ಬಂದಿರುವುದನ್ನು ತೋರಿಸಿದರು. ಐರೋಪ್ಯ ಸಮುದ್ರದ ಚಳಿಗೂ ಇಲ್ಲಿಯ ಬಿತ್ತನೆಗೂ ನಂಟಿರುವುದೆಂದರೆ ಹಿಂದಿನ ಕಾಲದವರು ನಗುತ್ತಿದ್ದರೇನೋ!

ಮಳೆ ಸೊರಗಿದಾಗ ಬೇಸಾಯಕ್ಕೆ ಆಗುವುದೇನೆಂಬುದಕ್ಕೆ ಸಿಂಧೂ ನದಿಯ ಉದಾಹರಣೆಯಿದೆ. ಆ ನದಿಯ ಮುಖಜಭೂಮಿಯಾಚೆ ಸಮುದ್ರದಲ್ಲಿ ತೆಗೆದ ಕೆಸರಿನ ಚಿಪ್ಪುಗಳನ್ನು ಸ್ಟೌಬ್‌ವಾಸರ್ ಮೊದಲಾದವರು ಪರೀಕ್ಷಿಸಿ ೨೦೦೩ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಸುಮಾರು ೪,೨೦೦ ವರ್ಷಗಳ ಹಿಂದೆ ನದಿಯಿಂದ ಸಮುದ್ರಕ್ಕೆ ಸೇರುವ ಸಿಹಿನೀರು ಕಡಿಮೆಯಾಯಿತು. ಸಿಹಿನೀರಿನಲ್ಲಿ ಹಗುರವಾದ ಆಮ್ಲಜನಕವು ಹೆಚ್ಚಾಗಿರುವುದರಿಂದ ಚಿಪ್ಪುಗಳಲ್ಲಿ ಈ ವ್ಯತ್ಯಾಸವು ಗೊತ್ತಾಗುತ್ತದೆ. ಹರಪ್ಪ, ಮೊಹೆಂಜೊದಾರೊ ಮುಂತಾದ ದೊಡ್ಡ ಪಟ್ಟಣಗಳು ಕ್ಷೀಣಿಸಿ, ಜನರು ಪೂರ್ವದ ಕಡೆಗೆ ಸರಿದು ಸಣ್ಣ ಹಳ್ಳಿಗಳಲ್ಲಿ ನೆಲೆಸಿದುದು ಇದಾದ ನಂತರದ ಕೆಲವು ಶತಮಾನಗಳಲ್ಲಿಯೇ. ಮಳೆಯೊಂದೇ ಆ ಪತನಕ್ಕೆ ಕಾರಣವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೂ ಊರಿಗೆ ಧಾನ್ಯ ಒದಗಿಸುವ ಹೊಲಗಳಿಗೆ ನೀರು ಸಾಲದೆ ಬಂದ ಮೇಲೆ ಪಟ್ಟಣವು ಎಷ್ಟು ಕಾಲ ನಿಂತೀತು?

ಕರ್ನಾಟಕದ ತೀರಕ್ಕೇ ಸಂಬಂಧಿಸಿದ ಒಂದು ಪರಿಶೋಧನೆಯೂ ಇದೆ. ಗೋವೆಯ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯ ರಾಜೀವ ನಿಗಮರೂ ಅವರ ಸಹೋದ್ಯೋಗಿಗಳೂ ಕಾರವಾರದ ಬಳಿ, ಕಾಳಿ ನದಿಯು ಕಡಲನ್ನು ಸೇರುವ ಸ್ಥಳದ ಸಮೀಪದಲ್ಲಿ, ಆಳವಿಲ್ಲದ ನೀರಿನಿಂದ ಕೆಸರನ್ನು ತೆಗೆದರು. ಸಹ್ಯಾದ್ರಿಯ ಮಳೆಯ ನೀರನ್ನು ಹೊತ್ತು ತರುವ ಈ ನದಿಯು ಮುಂಗಾರು ಚೆನ್ನಾಗಿ ಆದ ವರ್ಷ ತೀರದ ನೀರಿನ ಉಪ್ಪನ್ನು ಬಹಳವಾಗಿ ತಗ್ಗಿಸುತ್ತದೆ. ಮಳೆ ಕಡಿಮೆಯಾದರೆ ಉಪ್ಪು ಹಾಗೆಯೇ ಉಳಿಯುತ್ತದೆ. ಅಲ್ಲಿಯ ತಳದಲ್ಲಿ ವಾಸಿಸುವ ಒಂದು ಜಾತಿಯ ರಂಧ್ರಧಾರಿಯನ್ನು ಅವರು ಆರಿಸಿಕೊಂಡು, ಅದರ ಚಿಪ್ಪಿನ ಮೊಟ್ಟಮೊದಲನೆಯ ಕೋಣೆಯನ್ನು ಅಳೆದರು. ಈ ಜೀವಿಗಳಲ್ಲಿ ಸಂತಾನವು ಎರಡು ವಿಧ: ಗಂಡುಹೆಣ್ಣು ಅಂಶಗಳು ಕೂಡಿ ಹುಟ್ಟಿದವುಗಳ ಮೊದಲ ಕೋಣೆಯು ಸಣ್ಣದು, ತಾಯಿಯ ದೇಹವೇ ಒಡೆದು ಹುಟ್ಟಿದವುಗಳದು ದೊಡ್ಡದು. ಕಬ್ಬನ್ನು ತುಂಡಿನಿಂದಲೂ ಬೆಳೆಯಬಹುದು, ಹೂವು ಕಾಳುಕಟ್ಟಿದರೆ ಬೀಜದಿಂದಲೂ ಬೆಳೆಯಬಹುದು; ಈ ಭೇದವೂ ಸುಮಾರು ಅಂಥದೇ. ಯಾವ ವಿಧದ ಸಂತಾನವು ಹೆಚ್ಚಾಗುವುದೆಂಬುದು ನೀರಿನ ಸ್ಥಿತಿಯನ್ನು ಅವಲಂಬಿಸಿರುವುದರಿಂದ, ಒಂದೊಂದು ಪದರದ ಮೊದಲ ಕೋಣೆಗಳ ಸರಾಸರಿ ಅಳತೆಯು ಆ ಕಾಲದಲ್ಲಿ ನದಿಯು ತಂದ ನೀರಿನ ಗುರುತಾಗುತ್ತದೆ. ತೀರದ ಬಳಿ ಕೆಸರು ಬೇಗ ಕೂಡುವುದರಿಂದ ನಡುಸಮುದ್ರದಲ್ಲಿ ಕಾಣದ ಸಣ್ಣ ಅವಧಿಗಳ ವ್ಯತ್ಯಾಸವೂ ಇಲ್ಲಿ ಕಾಣುವುದು. ೧೯೯೫ರಲ್ಲಿ ಪ್ರಕಟವಾದ ಅವರ ಲೇಖನವು, ಮಳೆಯ ಅಭಾವವು ಸುಮಾರು ೭೭ ವರ್ಷಗಳ ಆವರ್ತದಲ್ಲಿ ಮರಳಿ ಬರುವಂತೆ ತೋರುವುದೆಂದೂ, ಸೂರ್ಯನ ಕಲೆಗಳ ಒಂದು ದೀರ್ಘಾವರ್ತಕ್ಕೆ ಇದು ಸಂಬಂಧಪಟ್ಟಿರಬಹುದೆಂದೂ ಹೇಳುತ್ತದೆ.

ಈ ೭೭ ಎಂಬ ಅಂಕೆಯನ್ನು ಹಿಡಿದು ಪಂಚಾಂಗ ಬರೆಯಲು ಹೊರಡುವುದು ಅಪಾಯಕರ. ಒಂದು ನದಿಯ ಮುಖದ ಕೆಸರಿನಿಂದ ದೊರೆತ ಫಲವನ್ನು ಇತರ ಸ್ಥಳಗಳ ಕೆಸರಿನಿಂದ ಹೋಲಿಸಿ ನೋಡಿದ ಹೊರತು ದೇಶಕ್ಕೆಲ್ಲ ಅನ್ವಯಿಸಲಾಗದು. ಅಲ್ಲದೆ ಸಮುದ್ರದ ತಳದಲ್ಲಿ ಹುಳುಗಳು ಕೆಸರನ್ನು ಕೆದಕುತ್ತಿರುತ್ತವೆ. ಎರೆಹುಳುವು ಹೊಲದ ಮಣ್ಣನ್ನು ಮಗುಚುವಂತೆಯೇ ಅವು ಹಲವು ವರ್ಷಗಳ ಪದರಗಳನ್ನು ಬೆರೆಸುತ್ತವೆ. ಒಂದು ಚೂರು ಕೆಸರು ಒಂದು ವರ್ಷದ್ದಲ್ಲ, ಎಷ್ಟೋ ವರ್ಷಗಳ ಸರಾಸರಿ. ಈ ವರ್ಷ ಆರಿದ್ರಾ ಮಳೆಯು ಬೀಳುವುದೋ ಇಲ್ಲವೋ ಎಂಬ ಪ್ರಶ್ನೆಗೆ ಚಿಪ್ಪಿನಲ್ಲಿ ಉತ್ತರವಿಲ್ಲ.

ಇನ್ನೊಂದು ಎಚ್ಚರಿಕೆಯು ಇದಕ್ಕಿಂತ ಮುಖ್ಯವಾದುದು. ಒಮಾನ್ ತೀರದ ಚಿಪ್ಪುಗಳು ಹೇಳುವುದು ಗಾಳಿಯ ಮಾತನ್ನು, ಮಳೆಯ ಮಾತನ್ನಲ್ಲ. ಒಂದೇ ನೈರುತ್ಯದ ಗಾಳಿಯು ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರುಗಳಿಗೂ ಮೀರಿ ಸುರಿಸಿ, ಘಟ್ಟವನ್ನು ದಾಟಿ ಚಳ್ಳಕೆರೆಗೆ ಬರುವಷ್ಟರಲ್ಲಿ ಬಹುಮಟ್ಟಿಗೆ ಒಣಗಿರುತ್ತದೆ. ಅಲ್ಲಿ ಎಲ್ಲ ಕಾಲದ ಮಳೆಯೂ ಸೇರಿ ಐನೂರರ ಆಸುಪಾಸು. ಗಾಳಿ ಬಲವಾದ ಮಾತ್ರಕ್ಕೆ ಬಯಲುಸೀಮೆಯ ಹೊಲಗಳೆಲ್ಲ ನೆನೆದುವೆಂದು ಎಣಿಸಲಾಗದು. ಈ ಕಾರಣದಿಂದಲೇ ವಿದ್ವಾಂಸರು ಈಚೆಗೆ ಬಂಗಾಳ ಕೊಲ್ಲಿಯ ಕಡೆಗೆ ತಿರುಗಿದ್ದಾರೆ. ಗಂಗೆ, ಬ್ರಹ್ಮಪುತ್ರ, ಮಹಾನದಿಗಳ ನೀರೆಲ್ಲ ಅಲ್ಲಿಗೆ ಹರಿಯುವುದರಿಂದ ಅಲ್ಲಿಯ ಚಿಪ್ಪುಗಳು ನೇರವಾಗಿ ಮಳೆಯ ನೀರಿನ ಸಾಕ್ಷಿಗಳು. ಚಿಪ್ಪಿನಲ್ಲಿರುವ ಮೆಗ್ನೀಸಿಯಂ ಲವಣದ ಪ್ರಮಾಣವು ನೀರಿನ ಉಷ್ಣವನ್ನು ಪ್ರತ್ಯೇಕವಾಗಿ ತಿಳಿಸುವುದರಿಂದ, ಆಮ್ಲಜನಕದ ಅಳತೆಯಲ್ಲಿ ಶಾಖದ ಪಾಲನ್ನು ಕಳೆದು ಸಿಹಿನೀರಿನ ಪಾಲನ್ನು ಬೇರ್ಪಡಿಸುವುದೂ ಈಗ ಸಾಧ್ಯವಾಗಿದೆ.

೨೦೧೪-೧೫ರಲ್ಲಿ ಜಾಯ್ಡಿಸ್ ರೆಸಲ್ಯೂಷನ್ ಎಂಬ ಕೊರೆತದ ಹಡಗು ಬಂಗಾಳ ಕೊಲ್ಲಿಯಲ್ಲಿ ತೆಗೆದ ಕೆಸರಿನಿಂದ ಸ್ಟೀವನ್ ಕ್ಲೆಮೆನ್ಸ್ ಮೊದಲಾದವರು ೨೦೨೧ರಲ್ಲಿ ಸುಮಾರು ಒಂಬತ್ತು ಲಕ್ಷ ವರ್ಷಗಳ ಮಳೆಯ ಚರಿತ್ರೆಯನ್ನು ಪ್ರಕಟಿಸಿದರು. ವಾಯುಮಂಡಲದಲ್ಲಿ ಇಂಗಾಲಾಮ್ಲವಾಯುವು ಹೆಚ್ಚಿ ಹಿಮವು ಕರಗಿದ ಕಾಲಗಳಲ್ಲಿ ಮುಂಗಾರು ಮಳೆಯೂ ಹೆಚ್ಚಾದುದು ಅದರಲ್ಲಿ ಕಾಣುತ್ತದೆ. ಹಿಂದಿನ ಎಂಟು ಲಕ್ಷ ವರ್ಷಗಳಲ್ಲಿ ಹತ್ತು ಲಕ್ಷ ಪಾಲಿಗೆ ಸುಮಾರು ೧೮೦ರಿಂದ ೩೦೦ರ ವರೆಗೆ ಇರುತ್ತಿದ್ದ ಈ ವಾಯುವು, ಕಲ್ಲಿದ್ದಲು ಮತ್ತು ಎಣ್ಣೆಗಳನ್ನು ಸುಡುವುದರಿಂದ ಈಗ ೪೨೦ನ್ನು ಮೀರಿರುವುದರಿಂದ ಈ ಸಂಗತಿಯು ಭವಿಷ್ಯಕ್ಕೂ ಸಂಬಂಧಿಸುತ್ತದೆ. ಮಳೆ ಹೆಚ್ಚಾಗುವುದಾದರೆ ಒಳ್ಳೆಯದೇ ಅಲ್ಲವೆ ಎಂದು ಕೇಳಬಹುದು. ಆ ಹೆಚ್ಚಿನ ಮಳೆಯು ನಲವತ್ತು ದಿನಗಳಲ್ಲಿ ಹದವಾಗಿ ಬಿದ್ದಿತೋ, ನಾಲ್ಕೇ ದಿನ ಸುರಿದು ಮೇಲ್ಮಣ್ಣನ್ನು ಕೊಚ್ಚಿಕೊಂಡು ಹೋಯಿತೋ ಎಂಬುದು ಚಿಪ್ಪಿನಲ್ಲಿ ದಾಖಲೆಯಾಗುವುದಿಲ್ಲ. ರೈತನಿಗೆ ಬೇಕಾದುದು ಮುಖ್ಯವಾಗಿ ಆ ವಿವರವೇ. ಆದುದರಿಂದ ಊರೂರಿನ ಮಳೆ ಅಳೆಯುವ ಪಾತ್ರೆಯ ದಿನಚರಿಯನ್ನು ತಪ್ಪದೆ ಬರೆದಿಡುವ ಕೆಲಸಕ್ಕೆ ಸಮುದ್ರದ ಕೆಸರು ಬದಲಾಗಲಾರದು.

ಇಂತಹ ಕೊರೆತಗಳಲ್ಲಿ ತೆಗೆದ ಪ್ರತಿಯೊಂದು ಕಂಬವನ್ನೂ ಎರಡಾಗಿ ಸೀಳಿ, ಒಂದು ಹೋಳನ್ನು ಮಾತ್ರ ಪರೀಕ್ಷೆಗೆ ಕತ್ತರಿಸುತ್ತಾರೆ. ಹಿಂದೂ ಮಹಾಸಾಗರದ ಕಂಬಗಳು ಜಪಾನಿನ ಕೋಚಿ ಎಂಬ ಊರಿನ ಉಗ್ರಾಣದಲ್ಲಿ, ತಣ್ಣನೆಯ ಕೊಠಡಿಗಳಲ್ಲಿ ಇರುತ್ತವೆ. ಕೇರಳದ ಕೊಚ್ಚಿಗೂ ಇದಕ್ಕೂ ಹೆಸರಿನ ಹೋಲಿಕೆ ಬಿಟ್ಟರೆ ಸಂಬಂಧವಿಲ್ಲ. ಉಳಿದ ಹೋಳನ್ನು, ಬಿತ್ತನೆಯ ಬೀಜವನ್ನು ಊಟಕ್ಕೆ ಮುಟ್ಟದೆ ಕಣಜದಲ್ಲಿ ಬೇರೆ ತೆಗೆದಿಡುವಂತೆ, ಇನ್ನೂ ಕಂಡುಹಿಡಿಯದ ಪರೀಕ್ಷಾಕ್ರಮಗಳಿಗಾಗಿ ಹಾಗೆಯೇ ಕಾದಿರಿಸಿದ್ದಾರೆ.